ಒಂದೇ ಕೈಯಲ್ಲಿ ತೆರೆಯಬಹುದಾದ ಬುಟ್ಟಿ

ಅಣ್ಣನ ಮಗಳು ಹೆರಿಗೆಯಾಗಿ ಎರಡನೇ ತಿಂಗಳಿಗೇ ಬೆಂಗಳೂರಿನ ಮನೆಗೆ ಹಿಂತಿರುಗಿದಳು. ಅತ್ತಿಗೆಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಿದ್ದರಿಂದ ತವರಿನ ಬಾಣಂತನ ಅಷ್ಟಕ್ಕೇ ಮೊಟಕಾಯಿತು. ನಾನಿರುವುದು ತಿಪಟೂರಿನಲ್ಲಿ. ಹೋಗಿ ಜೊತೆಗಿರಲು ಮನೆಯ ಪರಿಸ್ಥಿತಿ ಬಿಡಲಿಲ್ಲ. ಒಂದು ಬುಟ್ಟಿಯನ್ನಾದರೂ ಕಳಿಸೋಣ ಎಂದುಕೊಂಡೆ.

ಏನು ಕಳಿಸಲಿ ಎಂದು ಕೇಳಿದರೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, "ಏನೂ ಬೇಡ" ಎನ್ನುತ್ತಾರೆ. ಆದ್ದರಿಂದ ನಾನು ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ. "ನಿನ್ನೆ ರಾತ್ರಿ ಏನು ತಿಂದೆ?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು: "ಒಂಬತ್ತಕ್ಕೆ ಊಟ ಮಾಡಿದ್ದೆ ಅತ್ತೆ. ಮೂರು ಗಂಟೆಗೆ ಹಾಲೂಡಿಸಿದ ಮೇಲೆ ತಡೆಯಲಾರದ ಹಸಿವು. ಒಂದು ಕೈಯಲ್ಲಿ ಮಗು. ಡಬ್ಬಿಯ ಮುಚ್ಚಳ ತೆಗೆಯಲು ಆಗಲಿಲ್ಲ. ನೀರು ಕುಡಿದು ಮಲಗಿದೆ."

ಬುಟ್ಟಿಯಲ್ಲಿ ಏನೇನಿರಬೇಕು, ಯಾವುದರಲ್ಲಿರಬೇಕು ಎಂಬುದೆಲ್ಲ ಆ ಒಂದು ಮಾತಿನಲ್ಲೇ ತೀರ್ಮಾನವಾಯಿತು.

ಇದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿದಿದೆ. ಮೊದಲ ಬುಟ್ಟಿಯನ್ನು ಗೆಳತಿಯೊಬ್ಬಳ ಗೃಹಪ್ರವೇಶಕ್ಕೆ ಕಟ್ಟಿದ್ದೆ. ನನ್ನ ಕೈಯಲ್ಲಿ ಚೆನ್ನಾಗಿ ಬರುವುದನ್ನೆಲ್ಲ ತುಂಬಿದ್ದೆ: ಕಾಯಿ ಒಬ್ಬಟ್ಟು, ಕೊಬ್ಬರಿ ಮಿಠಾಯಿ, ರವೆ ಉಂಡೆ, ಮೇಲೊಂದು ನಿಂಬೆ ಉಪ್ಪಿನಕಾಯಿಯ ಭರಣಿ. ತಲುಪುವುದು ಎರಡು ದಿನ ತಡವಾಯಿತು. ಹಸಿ ತೆಂಗಿನಕಾಯಿ ಹಾಕಿದ್ದ ಒಬ್ಬಟ್ಟಿಗೆ ಬೂಷ್ಟು ಹಿಡಿದಿತ್ತು. ಭರಣಿಯ ಭಾರಕ್ಕೆ ಉಂಡೆಗಳು ಪುಡಿಯಾಗಿ, ಎಣ್ಣೆ ಇಳಿದು ಎಲ್ಲವೂ ಕೆಂಪಾಗಿತ್ತು. ಅದಕ್ಕಿಂತ ಹೆಚ್ಚು ನೋವು ಕೊಟ್ಟಿದ್ದು ಬೇರೆ. ಗೆಳತಿಗೆ ಆಗಲೇ ಸಕ್ಕರೆ ಕಾಯಿಲೆ ಇತ್ತು, ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಯೋಚನೆಯೂ ನನಗೆ ಬಂದಿರಲಿಲ್ಲ. ಆ ಬುಟ್ಟಿಯಲ್ಲಿ ನಾನಿದ್ದೆ, ಅವಳಿರಲಿಲ್ಲ.

ಅಣ್ಣನ ಮಗಳಿಗೆ ಅಂಟಿನ ಉಂಡೆ, ಅಂದರೆ ತಿನ್ನುವ ಗೋಂದು ಹಾಕಿದ ಉಂಡೆ, ಮಾಡುವುದೆಂದು ನಿಶ್ಚಯಿಸಿದೆ. ನಮ್ಮ ಕಡೆಗಿಂತ ಉತ್ತರ ಕರ್ನಾಟಕದ ಮನೆಗಳಲ್ಲಿ ಇದರ ಬಳಕೆ ಹೆಚ್ಚು. ನನಗೆ ಕಲಿಸಿದ್ದು ಧಾರವಾಡದ ಕಡೆಯಿಂದ ಬಂದ ನನ್ನ ಓರಗಿತ್ತಿ. ಅಳತೆ ಹೇಳುತ್ತೇನೆ: ಒಣಕೊಬ್ಬರಿ ತುರಿ ಅರ್ಧ ಕಿಲೋ, ಬೆಲ್ಲ ಅರ್ಧ ಕಿಲೋ, ಉತ್ತತ್ತಿ ಕಾಲು ಕಿಲೋ, ಅಂಟು, ಬಾದಾಮಿ, ಗೋಡಂಬಿ, ಒಣದ್ರಾಕ್ಷಿ ತಲಾ 100 ಗ್ರಾಂ, ಗಸಗಸೆ 50 ಗ್ರಾಂ, ತುಪ್ಪ 200 ಗ್ರಾಂ, ಜೊತೆಗೆ ಏಲಕ್ಕಿ, ಅರ್ಧ ಜಾಯಿಕಾಯಿ.

ಕೊಬ್ಬರಿಯ ವಿಷಯದಲ್ಲಿ ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಬಲಿತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇದ್ದು, ಒಳಗಿನ ನೀರು ಪೂರ್ತಿ ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು. ಅಲ್ಲಾಡಿಸಿದರೆ ಒಳಗೆ ಉರುಳುವ ಸದ್ದು ಕೇಳುತ್ತದೆ. ಅಂಥ ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ತುರಿದು, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಸಾಕು, ಕೆಂಪಾಗಬಾರದು. ಅರೆಬರೆ ಒಣಗಿದ ಕೊಬ್ಬರಿ ಹಾಕಿದರೆ ವಾರದೊಳಗೆ ಕಮಟು ವಾಸನೆ ಬರುತ್ತದೆ.

ಕಷ್ಟವಿರುವುದು ಅಂಟಿನಲ್ಲಿ. ಕಡಲೆಗಾತ್ರಕ್ಕೆ ಒಡೆದು ಒಂದು ದಿನ ಬಿಸಿಲಿಗಿಟ್ಟು, ಬಾಣಲೆಯಲ್ಲಿ ತುಪ್ಪ ಹದವಾಗಿ ಕಾದ ಮೇಲೆ ಒಂದೊಂದು ಚಮಚದಷ್ಟೇ ಹಾಕುತ್ತೇನೆ. ಹಾಕಿದ ಕೂಡಲೇ ತಳಕ್ಕೆ ಹೋಗುತ್ತದೆ, ನಂತರ ಚಿಟಿಚಿಟಿ ಎನ್ನುತ್ತಾ ಬೆಳ್ಳಗೆ ಅರಳಿ ಮೇಲಕ್ಕೆ ತೇಲುತ್ತದೆ. ತೇಲಿತೆಂದು ತೆಗೆದುಬಿಡಬಾರದು. ಹೊರಗೆ ಅರಳಿ ನಡುವೆ ಹಸಿ ಉಳಿದರೆ ಹಲ್ಲಿಗೆ ಮೇಣದ ಹಾಗೆ ಕಚ್ಚಿಕೊಳ್ಳುತ್ತದೆ. ಪ್ರತಿ ಸಲವೂ ಒಂದು ಹರಳನ್ನು ಆರಿಸಿ ಎರಡು ಬೆರಳ ನಡುವೆ ಹಿಸುಕುತ್ತೇನೆ. ಹಪ್ಪಳದಂತೆ ಪುಡಿಯಾದರೆ ಆಯಿತು. ನಡುವೆ ಮುತ್ತಿನಂತೆ ಗಟ್ಟಿ ಏನಾದರೂ ತಗುಲಿದರೆ ಉರಿ ಇಳಿಸಿ ಮತ್ತೆ ಹಾಕಬೇಕು. ಅಂದು ಎರಡು ಸಲ ಹಾಗೆ ಆಯಿತು, ಎರಡು ಸಲವೂ ಮತ್ತೆ ಕರಿದೆ.

ಬೆಲ್ಲಕ್ಕೆ ನೀರು ಸೋಕಿಸುವುದಿಲ್ಲ. ಎರಡು ಚಮಚ ತುಪ್ಪದಲ್ಲೇ ಸಣ್ಣ ಉರಿಯಲ್ಲಿ ಕರಗಿಸಿ, ನೊರೆ ಬಂದ ಕೂಡಲೇ ಇಳಿಸುತ್ತೇನೆ. ಪಾಕ ಎಳೆ ಬಂದರೆ ಉಂಡೆ ಕಲ್ಲಾಗುತ್ತದೆ. ನೀರಿಲ್ಲದ್ದರಿಂದ ಒಂದು ತಿಂಗಳು ಏನೂ ಆಗುವುದಿಲ್ಲ. ಸಾಮಾನ್ಯವಾಗಿ ಈ ಉಂಡೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟುತ್ತಾರೆ. ನಾನು ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದಾಗಿ ಕಟ್ಟಿದೆ. ದೊಡ್ಡ ಉಂಡೆ ಕಚ್ಚಿದರೆ ಪುಡಿ ಉದುರುತ್ತದೆ, ಕೆಳಗೆ ಮಗುವಿನ ಮುಖವಿರುತ್ತದೆ. ಇದು ಒಂದೆರಡು ಬಾಯಿಗೆ ಮುಗಿಯಬೇಕು. ಎಪ್ಪತ್ತರ ಮೇಲೆ ಉಂಡೆಯಾದವು.

ಜೊತೆಗೆ ರಾಗಿ ಹುರಿಹಿಟ್ಟು ಇಟ್ಟೆ. ಅರಳು ಹುರಿದು ಬೀಸಿದ ಹಿಟ್ಟಾದ್ದರಿಂದ ಬೇಯಿಸುವ ಕೆಲಸವಿಲ್ಲ, ಬಿಸಿ ಹಾಲು ಬೆಲ್ಲ ಹಾಕಿ ಕಲಸಿದರೆ ಮುಗಿಯಿತು. ಕಾಳುಮೆಣಸು, ಜೀರಿಗೆ, ತೊಗರಿಬೇಳೆ ಹುರಿದ ಸಾರಿನ ಪುಡಿ ಒಂದು ಬಾಟಲಿ. ಬ್ಯಾಡಗಿ ಮೆಣಸಿನಕಾಯಿಯ ಕೊಬ್ಬರಿ ಚಟ್ನಿಪುಡಿ ಇನ್ನೊಂದು, ಅದು ಮನೆಯ ಉಳಿದವರಿಗೆ. ಬಾಣಂತಿಗೆಂದು ಬಂದ ಬುಟ್ಟಿಯಲ್ಲಿ ಅವಳನ್ನು ನೋಡಿಕೊಳ್ಳುವವರಿಗೂ ಒಂದು ಪಾಲು ಇರಲೇಬೇಕು ಎನ್ನುವುದು ನನ್ನ ಹಟ. ನಿದ್ದೆಗೆಟ್ಟವರು ಅವರೂ ಹೌದು.

ಜೇನುತುಪ್ಪ ಇಡಲಿಲ್ಲ. ಮನೆಯಲ್ಲಿ ತೋಟದ ಒಳ್ಳೆಯ ಜೇನು ಇತ್ತು, ಕೈ ಅದರತ್ತ ಹೋಗಿತ್ತು ಕೂಡ. ಆದರೆ ಕೂಸಿನ ನಾಲಿಗೆಗೆ ಜೇನು ನೆಕ್ಕಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಕೊಡಲೇಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಎದುರಿಗೆ ಬಾಟಲಿ ಇದ್ದರೆ ಯಾರಾದರೂ ಹಿರಿಯರು ಪ್ರೀತಿಯಿಂದಲೇ ಬೆರಳು ಅದ್ದಿಬಿಟ್ಟಾರು.

ಡಬ್ಬಿಗಳನ್ನು ಆರಿಸಲು ನಾನೇ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಸ್ಟೀಲ್ ಡಬ್ಬಿಯ ಬಿಗಿ ಮುಚ್ಚಳ ಬರಲೇ ಇಲ್ಲ. ತಿರುಪಿನ ಮುಚ್ಚಳವನ್ನು ತಿರುಗಿಸಲು ಹೋದರೆ ಬಾಟಲಿಯೇ ಸುತ್ತುತ್ತದೆ. ಕೊನೆಗೆ ಉಳಿದದ್ದು ಒಂದು ಬದಿ ಕೀಲಿರುವ, ಹೆಬ್ಬೆರಳಿನಿಂದ ಎತ್ತಬಹುದಾದ ಮುಚ್ಚಳದ ಅಗಲ ಡಬ್ಬಿ. ಪೇಟೆಯ ಪಾತ್ರೆ ಅಂಗಡಿಯಲ್ಲಿ ಅಂಥವು ಎರಡು ಸಿಕ್ಕವು. ಉಂಡೆಗೆ ಅವು. ಪುಡಿಗಳಿಗೆ ಹಳೆಯ ಗಾಜಿನ ಬಾಟಲಿಗಳೇ ಸಾಕಾದವು, ತೊಳೆದು ಎರಡು ದಿನ ಬಿಸಿಲಿನಲ್ಲಿ ಬೋರಲು ಹಾಕಿದ್ದೆ. ಒಣಗಿದಂತೆ ಕಂಡ ಬಾಟಲಿಯ ಕತ್ತಿನಲ್ಲೂ ತೇವ ಅಡಗಿರುತ್ತದೆ.

ಬುಟ್ಟಿಯನ್ನು ಮೇದರ ಮನೆಯಲ್ಲಿ ಹೇಳಿ ಹೆಣೆಸಿದೆ. ಗೌರಿ ಹಬ್ಬದ ಬಾಗಿನಕ್ಕೆ ಮೊರ ತರುವುದೂ ಅಲ್ಲಿಂದಲೇ. ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಕರಿಮಣಿ, ರವಿಕೆ ಕಣ, ತೆಂಗಿನಕಾಯಿ ಇಟ್ಟು, ಮೇಲೊಂದು ಮೊರ ಮುಚ್ಚಿ, ಸೆರಗು ಹಿಡಿದು ಕೊಡುವ ಬಾಗಿನಕ್ಕಿಂತ ಅಂದದ ಉಡುಗೊರೆ ಬುಟ್ಟಿಯನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ಹೊಸ ಬಿದಿರಿಗೆ ಹುಳು ಬಿದ್ದು ಹಿಟ್ಟು ಉದುರುವುದುಂಟು, ಅದಕ್ಕೇ ಅರಿಶಿನದ ನೀರು ಬಳಿದು ಒಣಗಿಸಿಕೊಂಡೆ. ಅಂಚಿನಲ್ಲಿದ್ದ ಸಿಬಿರುಗಳನ್ನು ಬೆರಳಾಡಿಸಿ ಹುಡುಕಿ ಕತ್ತರಿಸಿ, ಮೇಲೆ ಬಟ್ಟೆ ಸುತ್ತಿ ಹೊಲಿದೆ.

ಡಬ್ಬಿಗಳ ನಡುವಿನ ಸಂದಿಗೆ ಕಾಗದದ ಚೂರು ತುಂಬುವ ಅಭ್ಯಾಸ ಎಲ್ಲರಿಗೂ ಇದೆ, ತೆಗೆದ ಮೇಲೆ ಅದು ಕಸ. ಅಮ್ಮನ ಹಳೆಯ ನೂಲಿನ ಸೀರೆ, ನಮ್ಮವರ ಎರಡು ಪಂಚೆಗಳನ್ನು ಕುದಿಯುವ ನೀರಿನಲ್ಲಿ ಒಗೆದು, ಮಗುವಿನ ಲಂಗೋಟಿಯ ಅಳತೆಗೆ ಕತ್ತರಿಸಿ, ಅಂಚು ಮಡಿಸಿ ಹೊಲಿದೆ. ಇಪ್ಪತ್ತನಾಲ್ಕು ತುಂಡುಗಳಾದವು. ಬಾಟಲಿಗಳಿಗೆಲ್ಲ ಅವನ್ನೇ ಸುತ್ತಿದೆ. ಭಾರದವು ಕೆಳಗೆ, ಉಂಡೆಯ ಡಬ್ಬಿಗಳು ಮೇಲೆ.

ಪ್ರತಿ ಡಬ್ಬಿಯ ಮೇಲೂ ಚೀಟಿ ಅಂಟಿಸಿದೆ. ಏನು, ಯಾವ ದಿನ ಮಾಡಿದ್ದು, ಯಾವಾಗ ಮುಗಿಸಬೇಕು, ಏನೇನು ಹಾಕಿದೆ. ಗೋಡಂಬಿ, ಬಾದಾಮಿ ಆಗದವರಿರುತ್ತಾರೆ, ಬರೆಯದೆ ಬಿಡಬಾರದು. ಸಾರಿನ ಪುಡಿಯ ಚೀಟಿ ಮಾತ್ರ ಅಳಿಯಂದಿರ ಹೆಸರಿಗೆ: ಎರಡು ಲೋಟ ನೀರು, ಒಂದೂವರೆ ಚಮಚ ಪುಡಿ, ಒಂದು ಟೊಮೆಟೊ, ಉಪ್ಪು, ಐದು ನಿಮಿಷ ಕುದಿಸಿ ತುಪ್ಪದ ಒಗ್ಗರಣೆ ಕೊಡಿ. ಬುಟ್ಟಿಯನ್ನು ಪಾರ್ಸೆಲ್ಲಿಗೆ ಹಾಕಲು ಮನಸ್ಸಾಗಲಿಲ್ಲ. ಬೆಳಗಿನ ರೈಲಿನಲ್ಲಿ ಮಗ ತೊಡೆಯ ಮೇಲಿಟ್ಟುಕೊಂಡು ಹೋಗಿ ಕೊಟ್ಟು ಬಂದ.

ಇದೇ ಉಂಡೆಯನ್ನು ಹೊರದೇಶಕ್ಕೆ ಕಳಿಸುವವರು ಒಂದು ವಿಷಯ ನೆನಪಿಡಬೇಕು. ದುಬೈ, ಸೌದಿ, ಸಿಂಗಪುರಗಳಲ್ಲಿ ಗಸಗಸೆ ನಿಷಿದ್ಧ, ಒಯ್ದವರು ಪೊಲೀಸರ ಕೈಗೆ ಸಿಕ್ಕಿಬೀಳಬಹುದು. ಪಕ್ಕದ ಮನೆಯ ಹುಡುಗ ದುಬೈಗೆ ಹೊರಟಾಗ ಗಸಗಸೆಯ ಬದಲು ಹುರಿದ ಬಿಳಿ ಎಳ್ಳು ಹಾಕಿದೆ, ರುಚಿಗೇನೂ ಕೊರತೆಯಾಗಲಿಲ್ಲ. ಇಡೀ ಒಣಕೊಬ್ಬರಿಯನ್ನೂ ವಿಮಾನದ ಲಗೇಜಿನಲ್ಲಿ ಬಿಡುವುದಿಲ್ಲ, ಎಣ್ಣೆಯಂಶದಿಂದ ಬೆಂಕಿ ಬೇಗ ಹತ್ತುತ್ತದೆಂದು.

ಮೂರನೆಯ ದಿನ ಬೆಳಗಿನ ಜಾವ ಮಗಳಿಂದ ಒಂದು ಫೋಟೊ ಬಂತು, ಮೂರೂ ಕಾಲಕ್ಕೆ ತೆಗೆದದ್ದು. ಮಂದ ದೀಪ, ಹಾಸಿಗೆಯ ಪಕ್ಕ ತೆರೆದ ಡಬ್ಬಿ, ಅವಳ ತೋಳಿನಲ್ಲಿ ಮಗುವಿನ ಕುಲಾವಿಯ ತುದಿ. ಅದರಡಿ ಅವಳು ಏನೂ ಬರೆದಿರಲಿಲ್ಲ. ಬೆಳಗಾದ ಮೇಲೆ ಅಳಿಯಂದಿರು ಫೋನ್ ಮಾಡಿ, ಒಗ್ಗರಣೆಗೆ ಇಂಗನ್ನು ಮೊದಲು ಹಾಕಬೇಕೋ ಸಾಸಿವೆಯನ್ನೋ ಎಂದು ಕೇಳಿದರು. ಆ ಬುಟ್ಟಿಯಲ್ಲಿ ಈಗ ಲಂಗೋಟಿಗಳಿವೆ.

ಈ ವಾರ ಕೈಯಲ್ಲಿರುವುದು ದೊಡ್ಡಪ್ಪನ ಬುಟ್ಟಿ. ಎಂಬತ್ತು ದಾಟಿದವರು, ಹಲ್ಲು ಒಂದೂ ಇಲ್ಲ. ಏನು ತಿನ್ನಬೇಕೆನಿಸುತ್ತದೆ ಎಂದು ಸುತ್ತಿಬಳಸಿ ಕೇಳಿದಾಗ, "ಹುರಿಗಾಳು ಕಣಮ್ಮ. ಅದರ ವಾಸನೆ ಬಂದರೆ ಸಾಕು" ಎಂದರು. ಕಡಲೆ, ಹೆಸರುಕಾಳು, ಅವರೆಕಾಳನ್ನು ಘಮ್ಮೆನ್ನುವಂತೆ ಹುರಿದಿಟ್ಟಿದ್ದೇನೆ. ನಾಳೆ ಗಿರಣಿಯಲ್ಲಿ ನುಣ್ಣಗೆ ಬೀಸಿಸಿ, ಬೆಲ್ಲ, ತುಪ್ಪ ಹೆಚ್ಚಾಗಿಯೇ ಹಾಕಿ, ನಾಲಿಗೆಯ ಮೇಲೆ ಕರಗುವಷ್ಟು ಮೆತ್ತಗೆ ತಂಬಿಟ್ಟು ಕಟ್ಟಬೇಕು. ಡಬ್ಬಿಯ ಚೀಟಿಯ ಅಕ್ಷರವನ್ನು ಈ ಸಲ ದಪ್ಪಗೆ ಬರೆಯುತ್ತೇನೆ.