ನಲಿ-ಕಲಿಯನ್ನು ಐದನೇ ತರಗತಿವರೆಗೂ ಒಯ್ದಿದ್ದು

ನಮ್ಮದು ಚಿತ್ತಾಪುರ ತಾಲ್ಲೂಕಿನ ಒಂದು ಲಂಬಾಣಿ ತಾಂಡಾದ ಸರ್ಕಾರಿ ಶಾಲೆ. ಒಂದರಿಂದ ಐದರವರೆಗೆ ತರಗತಿ, ಇಬ್ಬರೇ ಶಿಕ್ಷಕರು. ಮೂರನೇ ತರಗತಿವರೆಗೆ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಹಿಡಿದು, ಅವರವರ ವೇಗಕ್ಕೆ ಕಲಿಕೆಯ ಮೆಟ್ಟಿಲು ಹತ್ತುತ್ತಾರೆ. ನಾಲ್ಕಕ್ಕೆ ಬಂದ ಕೂಡಲೇ ಬೆಂಚು, ಸಾಲು, ಎಲ್ಲರಿಗೂ ಒಂದೇ ದಿನ ಒಂದೇ ಪಾಠ.

ತಾಂಡಾದಲ್ಲಿ ಇದು ನಡೆಯೋದಿಲ್ಲ. ದೀಪಾವಳಿ ಮುಗಿದರೆ ಎಷ್ಟೋ ಮನೆಯವರು ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಪುಣೆ, ಮುಂಬೈ ಕಡೆ ಹೋಗುತ್ತಾರೆ. ಜೊತೆಗೆ ಮಕ್ಕಳೂ. ಯುಗಾದಿ ಹೊತ್ತಿಗೆ ಹುಡುಗಿ ವಾಪಸ್ ಬರುವಷ್ಟರಲ್ಲಿ ತರಗತಿಯಲ್ಲಿ ಭಿನ್ನರಾಶಿ ಪಾಠ ಮುಗಿದುಹೋಗಿರುತ್ತದೆ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುತ್ತಾಳೆ. ಅವಳನ್ನು ದಡ್ಡಿ ಅನ್ನೋದು ನ್ಯಾಯವಲ್ಲ, ಅಲ್ವಾ?

ಹಾಗಾಗಿ ನಾಲ್ಕು, ಐದನೇ ತರಗತಿಯ ಗಣಿತವನ್ನೂ ಏಣಿ ಮಾಡಿದೆವು. ಪುಸ್ತಕದ ಪಾಠಗಳನ್ನೇ ಚಿಕ್ಕ ಚಿಕ್ಕ ಮೆಟ್ಟಿಲಾಗಿ ಒಡೆದೆವು. ಪ್ರತಿ ಮೆಟ್ಟಿಲಿಗೆ ಮೂರು ಕಾರ್ಡು: ನನ್ನ ಜೊತೆ ಮಾಡುವುದು, ಗೆಳೆಯರ ಜೊತೆ ಮಾಡುವುದು, ಒಬ್ಬರೇ ಮಾಡುವುದು. ಹಳೇ ಮದುವೆ ಕಾರ್ಡುಗಳ ಹಿಂಬದಿಯಲ್ಲಿ ಬರೆದೆವು. ಗಟ್ಟಿ ಇರುತ್ತವೆ, ದುಡ್ಡೂ ಬೇಕಿಲ್ಲ. ಗೋಡೆ ಮೇಲೆ ಎಲ್ಲರ ಹೆಸರು, ಮುಗಿಸಿದ ಮೆಟ್ಟಿಲಿಗೆ ಗುರುತು. ಊರಿಗೆ ಬಂದ ಹುಡುಗಿ ತನ್ನ ಕೊನೇ ಗುರುತು ನೋಡಿ ಮುಂದಿನ ಕಾರ್ಡು ಎತ್ತಿಕೊಳ್ಳುತ್ತಾಳೆ.

ಕಾರ್ಡಿನಲ್ಲಿ ಏನಿರಬೇಕು ಅನ್ನೋದೇ ದೊಡ್ಡ ಕೆಲಸ. ವಿಸ್ತೀರ್ಣಕ್ಕೆ ನಮ್ಮ ನೆಲವೇ ಸಾಕಾಯಿತು, ಶಹಾಬಾದ್ ಪರಸಿ, ಅಂದರೆ ಕಲ್ಲಿನ ಚಪ್ಪಡಿ, ಹಾಸಿದ್ದಾರೆ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಪರಸಿ ಎಷ್ಟು ಚದರ ಅಡಿ? 'ಎರಡು ರೀ ಸರ' ಎಂದ ಒಬ್ಬ. ಇನ್ನೊಬ್ಬಳು ಒಪ್ಪಲಿಲ್ಲ. ಪೇಪರನ್ನು ಒಂದೊಂದು ಅಡಿಯ ಚೌಕ ಕತ್ತರಿಸಿ ಪರಸಿ ಮೇಲೆ ಜೋಡಿಸಿದಳು. ನಾಲ್ಕು ಕೂತವು. ಅವನು ಚೌಕಗಳನ್ನು ತೆಗೆದು ತಾನೇ ಮತ್ತೆ ಜೋಡಿಸಿ ನೋಡಿದ. ನಾನು ಬಾಯಿ ತೆರೆಯಲಿಲ್ಲ. ಶಿಕ್ಷಕರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ!

ದಶಮಾಂಶಕ್ಕೆ ಅಡತಿ ಅಂಗಡಿಯ, ಅಂದರೆ ದಲ್ಲಾಳಿ ಅಂಗಡಿಯ, ತೊಗರಿ ಮಾರಿದ ಲೆಕ್ಕದ ಪಟ್ಟಿ. 3 ಕ್ವಿಂಟಲ್ 40 ಕೆಜಿ ಅಂದರೆ 3.40 ಕ್ವಿಂಟಲ್ ಅನ್ನೋದು ಅಪ್ಪನ ಪಟ್ಟಿಯಲ್ಲೇ ಬರೆದಿರುತ್ತದೆ. ಹಮಾಲಿ (ಮೂಟೆ ಹೊತ್ತ ಕೂಲಿ) ಕಳೆದು ಕೈಗೆ ಎಷ್ಟು ಬಂತು ಅಂತ ಮನೆಯಲ್ಲಿ ಲೆಕ್ಕ ಕೇಳಿದ ಮಕ್ಕಳೂ ಇದ್ದಾರೆ.

'ನೀವು ಪಾಠ ಹೇಳಂಗೇ ಇಲ್ಲೇನ್ರಿ ಸರ?' ಅಂತ ಪಾಲಕರು ಕೇಳಿದರು. ಒಂದು ಮಧ್ಯಾಹ್ನ ಕರೆದು ಕೂರಿಸಿ, ಮಕ್ಕಳ ಕೈಯಲ್ಲೇ ಪಟ್ಟಿ ಓದಿಸಿದೆ. ಆಮೇಲೆ ಆ ಮಾತು ಕಡಿಮೆಯಾಯಿತು.

ಕನ್ನಡಕ್ಕೆ ಇದೇ ಏಣಿ ಸಾಲದು. ಮನೆಯಲ್ಲಿ ಲಂಬಾಣಿ ಮಾತಾಡುವ ಮಕ್ಕಳಿಗೆ ಕಾರ್ಡಿಗಿಂತ ಮೊದಲು ಮಾತು ಜಾಸ್ತಿ ಬೇಕು. ಅದಕ್ಕೆ ಈಗ ತಾಂಡಾದ ಅಜ್ಜಿಯರಿಂದ ಕತೆ ಹೇಳಿಸಿ, ಅದನ್ನೇ ಮಕ್ಕಳಿಂದ ಕನ್ನಡದಲ್ಲಿ ಹೇಳಿಸುತ್ತಿದ್ದೇವೆ. ಬರೆಯೋದು ಆಮೇಲೆ.