ಬಚ್ಚಲ ಹಂಡೆಗೆ ಹೊಗೆಯಿಲ್ಲದ ಒಲೆ ಕಟ್ಟುವ ಬಗೆ

ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಅಡುಗೆಮನೆಗೆ ಗ್ಯಾಸ್ ಬಂದು ದಶಕಗಳೇ ಕಳೆದಿದ್ದರೂ ಬಚ್ಚಲುಮನೆಯ ಹಂಡೆಯ ಕೆಳಗೆ ಇನ್ನೂ ಉರಿಯುತ್ತಿರುವುದು ಸೌದೆಯೇ. ತೋಟದಲ್ಲಿ ಬೀಳುವ ಅಡಿಕೆ ಹಾಳೆ, ಸೋಗೆ, ಕಾಯಿಸಿಪ್ಪೆಗಳಿಗೆ ಒಂದು ಗತಿ ಕಾಣಿಸಬೇಕು ಎಂಬುದು ಇದಕ್ಕೆ ಒಂದು ಕಾರಣ. ಮಳೆಗಾಲದ ನಾಲ್ಕು ತಿಂಗಳು ಸೋಲಾರ್ ಹೀಟರನ್ನು ನಂಬುವಂತಿಲ್ಲ, ಗಾಳಿಗೆ ಲೈನು ಹರಿದು ಕರೆಂಟು ಹೋದರೆ ಗೀಸರನ್ನೂ ನಂಬುವಂತಿಲ್ಲ ಎಂಬುದು ಇನ್ನೊಂದು. ಆದರೆ ಹೆಚ್ಚಿನ ಕಡೆ ಈ ಒಲೆ ಅಜ್ಜನ ಕಾಲದ ರೂಪದಲ್ಲೇ ಉಳಿದಿದೆ. ಎರಡು ಗಿಡ್ಡ ಗೋಡೆಗಳ ಮೇಲೆ ಹಂಡೆ, ಎದುರಿಗೆ ಅಗಲವಾದ ಬಾಯಿ, ಹೊಗೆ ಹೋಗಲು ಹೆಂಚಿನ ಸಂದು. ಅದನ್ನು ಕೆಡವಿ ಹೊಸದಾಗಿ ಕಟ್ಟಲು ಬೇಕಾಗುವುದು ಒಬ್ಬ ಗಾರೆಯವನ ಎರಡು ಮೂರು ದಿನದ ಕೆಲಸ, ಹುತ್ತದ ಮಣ್ಣು, ಇಟ್ಟಿಗೆ ಮತ್ತು ಒಂದು ಕೊಳವೆ ಮಾತ್ರ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ಲೆಕ್ಕ ನೋಡೋಣ. 50 ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲು ಸುಮಾರು 8 ಮೆಗಾಜೂಲ್ ಶಾಖ ಬೇಕು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 15 ಮೆಗಾಜೂಲ್ ಇರುತ್ತದೆ. ಅಷ್ಟೂ ಶಾಖ ನೀರಿಗೇ ಸೇರುವಂತಿದ್ದರೆ ಅರ್ಧ ಕಿಲೋಗಿಂತ ತುಸು ಹೆಚ್ಚು ಸೌದೆ ಸಾಕಾಗುತ್ತಿತ್ತು. ತೆರೆದ ಒಲೆಯಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ ನೀರಿಗೆ ಸೇರಿ ಉಳಿದದ್ದು ಗಾಳಿಗೂ ಗೋಡೆಗೂ ಹೋಗುವುದರಿಂದ ಮೂರೂವರೆಯಿಂದ ಐದು ಕಿಲೋ ಸುಡಬೇಕಾಗುತ್ತದೆ. ಅದೇ ನೂರಕ್ಕೆ ಮೂವತ್ತೈದು ಪಾಲು ನೀರಿಗೆ ಸೇರಿಸುವ ಒಲೆಯಾದರೆ ಒಂದೂವರೆ ಕಿಲೋದಲ್ಲಿ ಕೆಲಸ ಮುಗಿಯುತ್ತದೆ. ಆ 50 ಲೀಟರ್ ಬಿಸಿನೀರಿಗೆ ತಣ್ಣೀರು ಬೆರೆಸಿ 40 ಡಿಗ್ರಿಗೆ ಇಳಿಸಿದರೆ ನೂರು ಲೀಟರ್ ಮೀರುತ್ತದೆ. ಐದಾರು ಜನರ ಸ್ನಾನಕ್ಕೆ ಅದು ಧಾರಾಳ.

ಈ ವ್ಯತ್ಯಾಸ ಸಾಧ್ಯವೆಂದು ನಮ್ಮ ನಾಡಿನಲ್ಲಿ ತೋರಿಸಿಕೊಟ್ಟದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಬಳಗ. 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ಆ ಬಳಗ ರೂಪಿಸಿದ ‘ಅಸ್ತ್ರ ಒಲೆ’ 1980ರ ದಶಕದಲ್ಲಿ ಹಳ್ಳಿಹಳ್ಳಿಗೆ ಹೋಯಿತು. ಅದು ಮುಖ್ಯವಾಗಿ ಮೂರು ಪಾತ್ರೆಗಳ ಅಡುಗೆ ಒಲೆಯಾದರೂ ಅದರ ತತ್ತ್ವಗಳು ಹಂಡೆಯ ಒಲೆಗೂ ಹೊಂದುತ್ತವೆ: ಉರಿಯ ಗೂಡನ್ನು ಮುಚ್ಚಬೇಕು, ಸೌದೆಯ ಕೆಳಗಿನಿಂದ ಗಾಳಿ ಬರಬೇಕು, ಬಿಸಿಗಾಳಿ ಪಾತ್ರೆಯನ್ನು ಒರಸಿಕೊಂಡೇ ಹೊರಗೆ ಹೋಗಬೇಕು.

ಈ ಮೂರನೆಯದನ್ನು ಮರೆತು ಹೊಗೆಕೊಳವೆಯೊಂದನ್ನು ಇಟ್ಟರೆ ಒಲೆ ಸುಧಾರಿಸಿತು ಎಂದುಕೊಳ್ಳುವುದು ಅತಿ ಸಾಮಾನ್ಯವಾದ ತಪ್ಪು. ನಮ್ಮ ಮನೆಯಲ್ಲಿ ಮೊದಲು ಆದದ್ದೂ ಅದೇ. ಹಳೆಯ ಒಲೆಯ ಹಿಂಬದಿಗೆ ತೂತು ಕೊರೆದು ಆರು ಅಂಗುಲದ ಕೊಳವೆ ಕೂರಿಸಿದೆವು. ಹೊಗೆಯೇನೋ ಹೋಯಿತು, ಆದರೆ ಸೌದೆ ಮೊದಲಿಗಿಂತ ಹೆಚ್ಚು ಬೇಕಾಯಿತು. ಹಂಡೆಯ ನೀರು ಉಗುರು ಬೆಚ್ಚಗಾಗುವ ಹೊತ್ತಿಗೆ ತಲೆಮಟ್ಟದಲ್ಲಿ ಕೊಳವೆಯನ್ನು ಮುಟ್ಟುವಂತಿರಲಿಲ್ಲ. ಕೊಳವೆ ಎಳೆಯುವುದು ಹೊಗೆಯನ್ನಷ್ಟೇ ಅಲ್ಲ, ಉರಿಯನ್ನೂ ಎಳೆಯುತ್ತದೆ. ಹೋಗುವ ದಾರಿಯಲ್ಲಿ ಹಂಡೆಗೆ ಕೊಡಬೇಕಾದದ್ದನ್ನು ಕೊಟ್ಟು ಹೋಗುವಂತೆ ಅದನ್ನು ಇಕ್ಕಟ್ಟಿನಲ್ಲಿ ನಡೆಸಬೇಕಾಗುತ್ತದೆ.

ಹಂಡೆ ಮತ್ತು ಜಾಗದ ಆಯ್ಕೆ

ಎರಡು ಮೂರು ಜನರಷ್ಟೇ ಇರುವ ಮನೆಗೆ ಒಲೆ ಕಟ್ಟುವ ಗೋಜು ಬೇಡ. ನಡುವೆ ಹೊಗೆ ಹಾದುಹೋಗುವ ಕೊಳವೆಯಿರುವ ತಾಮ್ರದ ಬಾಯ್ಲರ್ ಸಾಕು. ಅದಕ್ಕೆ ಚಿಪ್ಪು, ಚಕ್ಕೆಯಂಥ ಸಣ್ಣ ಉರುವಲೇ ಆಗಬೇಕು, ದಪ್ಪ ಸೌದೆಯ ಕುಂಟೆ ಹಿಡಿಸದು. ಐದಾರು ಜನರಿದ್ದು ನೆಂಟರಿಷ್ಟರು ಬಂದುಹೋಗುವ ಮನೆಗೆ ಹಂಡೆಯೇ ಸರಿ. ತಾಮ್ರದ್ದೇ ಆಗಬೇಕೆಂಬ ಹಟ ಬೇಕಿಲ್ಲ. ತಾಮ್ರ ಸ್ಟೀಲಿಗಿಂತ ಹಲವು ಪಟ್ಟು ಚೆನ್ನಾಗಿ ಶಾಖ ಸಾಗಿಸುವುದು ನಿಜವಾದರೂ ತಳಕ್ಕೆ ಹತ್ತಿದ ಮಸಿ ಮತ್ತು ಒಳಗೆ ಕಟ್ಟಿದ ಕಿಟ್ಟ ಆ ಲಾಭವನ್ನು ಬೇಗ ನುಂಗಿಹಾಕುತ್ತವೆ. ಮನೆಯಲ್ಲಿ ಹಳೆಯ ತಾಮ್ರದ ಹಂಡೆಯಿದ್ದರೆ ಬಿಡಬೇಡಿ. ಇಲ್ಲದಿದ್ದರೆ ಅದಕ್ಕಾಗಿ ಸಾಲ ಮಾಡಬೇಡಿ. ಹಂಡೆಯ ಮುಚ್ಚಳ ಸಡಿಲವಾಗಿರಲಿ. ಹಳೆಯ ಡ್ರಮ್ಮಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ನಲ್ಲಿ ಕೂರಿಸಿ ಬೆಂಕಿ ಹಾಕುವವರಿದ್ದಾರೆ. ಆವಿಗೆ ದಾರಿಯಿಲ್ಲದೆ ಅದು ಸಿಡಿದರೆ ಪ್ರಾಣಕ್ಕೇ ಸಂಚಕಾರ.

ಒಲೆಯ ಬಾಯಿ ಬಚ್ಚಲಿನ ಒಳಗಿರಬೇಕೋ ಹೊರಗಿರಬೇಕೋ ಎಂಬ ಪ್ರಶ್ನೆಗೆ ಸಾಧ್ಯವಿರುವ ಕಡೆಯಲ್ಲೆಲ್ಲ ಹೊರಗೆ ಎಂಬುದೇ ನನ್ನ ಉತ್ತರ. ಹಳೆಯ ಬಚ್ಚಲುಗಳಿಗೆ ಹೆಂಚಿನ ಸಂದು, ಜಾಲಂಧ್ರ, ಮುಚ್ಚಲು ಬಾರದ ಬಾಗಿಲು ಎಲ್ಲ ಇದ್ದವು. ಟೈಲ್ಸ್ ಹಾಕಿ, ಮೇಲೆ ಸ್ಲ್ಯಾಬ್ ಕೂರಿಸಿದ ಹೊಸ ಬಚ್ಚಲಿನಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ನಿಂತುಬಿಡುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಣ್ಣುರಿಸುವ ಹೊಗೆ ಇಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲ ಎನ್ನುವಂತಿಲ್ಲ. ಹಂಡೆ ಒಳಗಿದ್ದು ಬೆಂಕಿ ಹಾಕುವ ಬಾಯಿ ಗೋಡೆಯ ಆಚೆ, ಸೌದೆಕೊಟ್ಟಿಗೆಯ ಕಡೆಗಿದ್ದರೆ ಹೊಗೆ, ಬೂದಿ, ಕಸ ಮೂರರ ಕಾಟವೂ ತಪ್ಪುತ್ತದೆ.

ಕಟ್ಟುವ ಕ್ರಮ

ಹೊಟ್ಟೆಯ ಅಡ್ಡಳತೆ 18 ಅಂಗುಲ ಇರುವ, ಸುಮಾರು 50 ಲೀಟರ್ ಹಿಡಿಯುವ ಹಂಡೆಯನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಹೊರಗಿನ ಕಟ್ಟೆಯನ್ನು ಕೆಂಪುಕಲ್ಲಿನಿಂದ ಕಟ್ಟಬಹುದು, ಆದರೆ ಉರಿ ತಾಗುವ ಒಳಮೈಗೆ ಸುಟ್ಟ ಇಟ್ಟಿಗೆ ಮತ್ತು ಮಣ್ಣಿನ ಗಾರೆಯೇ ಬೇಕು. ಸಿಮೆಂಟು ಉರಿಯ ಶಾಖಕ್ಕೆ ಬಿರುಕುಬಿಟ್ಟು ಉದುರುತ್ತದೆ. ಮೂರು ಪಾಲು ಜರಡಿ ಹಿಡಿದ ಹುತ್ತದ ಮಣ್ಣಿಗೆ ಒಂದು ಪಾಲು ಭತ್ತದ ಉಮಿ, ಸ್ವಲ್ಪ ಸಗಣಿ ಸೇರಿಸಿ ಕಲಸಿ ಎರಡು ದಿನ ಒದ್ದೆಯಾಗಿ ಬಿಟ್ಟು, ಮತ್ತೊಮ್ಮೆ ತುಳಿದು ಬಳಸಿದರೆ ಮಣ್ಣು ಕಡಿಮೆ ಸೀಳುತ್ತದೆ. ಉಮಿ ಸುಟ್ಟುಹೋಗಿ ಉಳಿಯುವ ಸಣ್ಣ ತೂತುಗಳು ಶಾಖ ಹೊರಗೆ ಸೋರುವುದನ್ನು ತಡೆಯುತ್ತವೆ.

ಬುಡದಲ್ಲಿ ಐದು ಅಂಗುಲ ಎತ್ತರದ ಬೂದಿಗುಂಡಿ ಬಿಟ್ಟು, ಅದರ ಮೇಲೆ ಬೆರಳು ದಪ್ಪದ ಕಬ್ಬಿಣದ ಸರಳುಗಳನ್ನು ಅರ್ಧ ಅಂಗುಲ ಬಿಡುವಿನಲ್ಲಿ ಜೋಡಿಸಿದ ಜಾಲರಿ ಇಡಬೇಕು. ಸರಳುಗಳನ್ನು ಗಾರೆಯಲ್ಲಿ ಹೂಳದೆ ಬಿಡಿಯಾಗಿ ಇಡಿ. ಕಾದಾಗ ಅವು ಹಿಗ್ಗಿ ಕಟ್ಟೆಯನ್ನೇ ಸೀಳುತ್ತವೆ, ಅಲ್ಲದೆ ಕೆಲವು ವರ್ಷಕ್ಕೆ ಸವೆದಾಗ ಬದಲಿಸಬೇಕಾಗುತ್ತದೆ. ಜಾಲರಿಯಿಂದ ಹಂಡೆಯ ತಳಕ್ಕೆ ಎಂಟರಿಂದ ಹತ್ತು ಅಂಗುಲ ಅಂತರವಿರಲಿ. ತೀರ ಹತ್ತಿರವಾದರೆ ಜ್ವಾಲೆ ಪೂರ್ತಿ ಉರಿಯುವ ಮೊದಲೇ ತಣ್ಣನೆಯ ತಳಕ್ಕೆ ಬಡಿದು ಮಸಿಯಾಗುತ್ತದೆ, ದೂರವಾದರೆ ಶಾಖ ಗೋಡೆಯ ಪಾಲಾಗುತ್ತದೆ. ಸೌದೆ ತುರುಕುವ ಬಾಯಿ ಏಳು ಅಂಗುಲ ಚೌಕಕ್ಕಿಂತ ದೊಡ್ಡದಾಗುವುದು ಬೇಡ. ಅದಕ್ಕೊಂದು ಕಬ್ಬಿಣದ ತಗಡಿನ ಮುಚ್ಚಳ ಮಾಡಿಸಿ.

ಇಡೀ ಒಲೆಯ ಜೀವ ಇರುವುದು ಹಂಡೆಯ ಹೊಟ್ಟೆಗೂ ಒಲೆಯ ಗೋಡೆಗೂ ನಡುವಿನ ಸಂದಿನಲ್ಲಿ. ಅದು ಸುತ್ತಲೂ ಮುಕ್ಕಾಲು ಅಂಗುಲ ಇರಬೇಕು. ಅಡ್ಡಳತೆ 6 ಅಂಗುಲದ ಕೊಳವೆಯ ಬಾಯಿ 28 ಚದರ ಅಂಗುಲ. ಹಂಡೆಯ ಸುತ್ತ ಅರ್ಧ ಅಂಗುಲವೇ ಸಂದು ಬಿಟ್ಟರೆ ಅದರ ವಿಸ್ತೀರ್ಣ 29 ಚದರ ಅಂಗುಲವಾಗಿ ಕೊಳವೆಗೆ ಸರಿಸಮವಾಗುತ್ತದಾದರೂ ಮಸಿ ಕಟ್ಟಲು ಜಾಗ ಉಳಿಯುವುದಿಲ್ಲ. ಮುಕ್ಕಾಲು ಅಂಗುಲಕ್ಕೆ ಅದು 44 ಆಗುತ್ತದೆ. ಎರಡು ಅಂಗುಲ ಬಿಟ್ಟರೆ ಉರಿ ಹಂಡೆಯನ್ನು ಮುಟ್ಟದೆಯೇ ಜಾರಿಕೊಳ್ಳುತ್ತದೆ.

ಗುಂಡಗಿನ ಹಂಡೆಯ ಸುತ್ತ ಒಂದೇ ಅಳತೆಯ ಸಂದು ಬಿಡುವುದು ಹೇಗೆ ಎಂದು ಗಾರೆಯವರು ತಲೆ ಕೆರೆದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಮಾಡಿದ್ದು ಇಷ್ಟೇ. ಮುಕ್ಕಾಲು ಅಂಗುಲ ದಪ್ಪದ ತೆಂಗಿನ ನಾರಿನ ಹಗ್ಗವನ್ನು ಹಂಡೆಯ ತಳದಿಂದ ಹೊಟ್ಟೆಯವರೆಗೆ ಒತ್ತೊತ್ತಾಗಿ ಸುತ್ತಿದೆವು. ಮೂರು ಇಟ್ಟಿಗೆ ಗುಟ್ಟೆಗಳ ಮೇಲೆ ಹಂಡೆಯನ್ನು ಕೂರಿಸಿ, ಹಗ್ಗದ ಮೈಗೆ ಒತ್ತಿಕೊಂಡೇ ಇಟ್ಟಿಗೆಚೂರು ಮತ್ತು ಮಣ್ಣು ತುಂಬಿಸಿದೆವು. ಮಾರನೆಯ ದಿನ ಮಣ್ಣು ಬಿಗಿದಾಗ ಇಬ್ಬರು ಹಂಡೆಯನ್ನು ನೇರವಾಗಿ ಮೇಲಕ್ಕೆತ್ತಿದರು. ಒಳಗೆ ಹಗ್ಗದ ಹುರಿಯ ಗುರುತೂ ಮೂಡಿದ್ದ ದುಂಡನೆಯ ಗೂಡು ಉಳಿದಿತ್ತು. ಹೊಗೆ ಹೊರಡುವ ಕಂಡಿಯನ್ನು ಒಲೆಯ ಬಾಯಿಗೆ ಎದುರಾಗಿ, ಹೊಟ್ಟೆಯ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬಿಡಬೇಕು. ಉರಿ ಹತ್ತಿರದ ದಾರಿ ಹಿಡಿದು ಆ ಒಂದೇ ಬದಿಯಿಂದ ನುಸುಳುವುದರಿಂದ ಕಂಡಿಯ ಕಡೆಯ ಅರ್ಧ ಸುತ್ತಿಗೆ ಕಾಲು ಅಂಗುಲ ಮಣ್ಣು ಮೆತ್ತಿ ಸಂದನ್ನು ಕಿರಿದುಗೊಳಿಸಿ; ಆಗ ಅದು ಮುಂಬದಿಯನ್ನೂ ಸುತ್ತಿಕೊಂಡು ಬರುತ್ತದೆ. ಕೊನೆಗೆ ಹೊಟ್ಟೆಯ ಮೇಲಂಚಿನ ಸಂದನ್ನು ಬೂದಿ ಬೆರೆಸಿದ ಮಣ್ಣಿನ ಹುರಿಯಿಂದ ಮುಚ್ಚಿ. ಇಲ್ಲಿ ಸಿಮೆಂಟು ಹಾಕಿದರೆ ಹಂಡೆ ಸೋರಿದ ದಿನ ಒಲೆಯನ್ನೇ ಒಡೆಯಬೇಕಾದೀತು.

ಕೊಳವೆ

ಕೊಳವೆಯ ಎಳೆತ ಬಹಳ ಸೂಕ್ಷ್ಮವಾದದ್ದು. ನಾಲ್ಕು ಮೀಟರ್ ಎತ್ತರದ ಕೊಳವೆಯಲ್ಲಿ ಹೊಗೆ 175 ಡಿಗ್ರಿಯಷ್ಟು ಬಿಸಿಯಿದ್ದರೂ ಹುಟ್ಟುವ ಒತ್ತಡ ಒಂದೂವರೆ ಮಿಲಿಮೀಟರ್ ನೀರಿನ ಭಾರಕ್ಕೆ ಸಮ. ಒಂದು ಅನವಶ್ಯಕ ತಿರುವು, ಒಂದು ಹಕ್ಕಿಗೂಡು ಅದನ್ನು ಕೆಡಿಸಲು ಸಾಕು. ಆದ್ದರಿಂದ ತಿರುವುಗಳು ಎರಡನ್ನು ಮೀರದಿರಲಿ, ಮೂಲೆಮಟ್ಟದ ತಿರುವಿಗಿಂತ ಓರೆಯಾದ ತಿರುವು ಒಳ್ಳೆಯದು. ತುದಿ ಮಾಡಿನ ನೆತ್ತಿಗಿಂತ ಎರಡು ಅಡಿಯಾದರೂ ಮೇಲಿರಬೇಕು; ಸೂರಿನ ಅಡಿಯಲ್ಲೇ ಮುಗಿಸಿದರೆ ಗಾಳಿ ತಿರುಗಿದಾಗ ಹೊಗೆ ಮನೆಯೊಳಗೇ ಬರುತ್ತದೆ. ಮಳೆಗೆ ಹಾಕುವ ಟೋಪಿ ಕೊಳವೆಯ ಬಾಯಿಯಿಂದ ಆರು ಅಂಗುಲ ಎತ್ತರದಲ್ಲಿರಲಿ.

ಒಲೆಯಿಂದ ಹೊರಟ ಮೊದಲ ಒಂದು ಮೀಟರಿಗೆ ಸತುವಿನ ಲೇಪದ ಜಿಐ ತಗಡು ಬೇಡ. ಸತು 419 ಡಿಗ್ರಿಗೆ ಕರಗುವ ಲೋಹ, ಅದರ ಹೊಗೆ ಒಳ್ಳೆಯದಲ್ಲ. ಅಲ್ಲಿ ಕಪ್ಪು ಕಬ್ಬಿಣ ಅಥವಾ ಸ್ಟೀಲ್ ಇರಲಿ. ಕಲ್ನಾರಿನ ಪೈಪುಗಳು ಹಿಂದೆ ಚಾಲ್ತಿಯಲ್ಲಿದ್ದವು. ಕಾಯ್ದು ಸೀಳುವುದಲ್ಲದೆ ಕತ್ತರಿಸುವಾಗ ಏಳುವ ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಕೊಳವೆಗೂ ಮಾಡಿನ ಮರದ ಪಕಾಸು, ರೀಪುಗಳಿಗೂ ನಡುವೆ ಒಂದೂವರೆ ಅಡಿ ಅಂತರ ಬೇಕೇ ಬೇಕು. ಹೆಂಚಿನ ಮನೆಯಲ್ಲಿ ಇದು ಉಪೇಕ್ಷಿಸುವ ಮಾತಲ್ಲ: ವರ್ಷಗಟ್ಟಲೆ ಕಾದು ಒಣಗಿದ ಮರ ಎಂದೋ ಒಂದು ದಿನ ಹೊತ್ತಿಕೊಳ್ಳುತ್ತದೆ. ಕೊಳವೆಯ ಬುಡದಲ್ಲಿ ಮಸಿ ತೆಗೆಯಲು ಒಂದು ಕಿಂಡಿ, ಅದರ ಮೇಲೆ ಎಳೆತ ತಗ್ಗಿಸಲು ತಿರುಗಿಸುವ ತಗಡಿನ ತಡೆ ಇರಲಿ. ಆ ತಗಡು ಪೂರ್ತಿ ಮುಚ್ಚದಂತೆ ಕಾಲುಭಾಗ ಕತ್ತರಿಸಿಯೇ ಕೂರಿಸಿ.

ಒಲೆಯನ್ನು ಎರಡು ಮೂರು ವಾರ ನೆರಳಿನಲ್ಲಿ ಆರಲು ಬಿಟ್ಟು, ಆಮೇಲೆ ಹಂಡೆಯಲ್ಲಿ ನೀರು ತುಂಬಿಸಿ ಮೂರು ನಾಲ್ಕು ದಿನ ಹಾಳೆಯ ಸಣ್ಣ ಉರಿಯನ್ನಷ್ಟೇ ಹಾಕಿ. ಎಳೆತ ಪರೀಕ್ಷಿಸಲು ಒಲೆಯ ಬಾಯಿಯಲ್ಲಿ ಒಂದು ಹಾಳೆ ಪೇಪರ್ ಹಚ್ಚಿ ಹಿಡಿಯಿರಿ. ಜ್ವಾಲೆ ಒಳಕ್ಕೆ ಬಾಗಬೇಕು. ಹೊರಕ್ಕೆ ಬಾಗಿದರೆ ಎಲ್ಲೋ ದಾರಿ ಕಟ್ಟಿದೆ ಎಂದರ್ಥ.

ಉರುವಲು ಮತ್ತು ಉರಿ

ಹಸಿ ಸೌದೆ ಹಾಕಿದರೆ ಎಂಥ ಒಲೆಯೂ ಸೋಲುತ್ತದೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು; ಆ ನೀರನ್ನು ಆವಿ ಮಾಡಲು ಒಂದಷ್ಟು ಶಾಖ ಹೋಗುವುದಲ್ಲದೆ ಉರಿ ತಣ್ಣಗಾಗಿ ಅರೆಬೆಂದ ಹೊಗೆ ಕೊಳವೆಯಲ್ಲಿ ಅಂಟಾದ ಡಾಂಬರಿನಂತೆ ಕಟ್ಟುತ್ತದೆ. ಅದಕ್ಕೆ ಬೆಂಕಿ ತಗುಲಿದರೆ ಕೊಳವೆಯೇ ಉರಿಯುತ್ತದೆ. ಅಕೇಶಿಯಾ, ಗಾಳಿಮರ, ಸತ್ತ ಅಡಿಕೆಮರ ಯಾವುದೇ ಇರಲಿ, ಶಿವರಾತ್ರಿಯೊಳಗೆ ಸೀಳಿ, ಗಾಳಿಯಾಡುವಂತೆ ಅಡ್ಡ ಉದ್ದ ಒಟ್ಟಿ, ಮೃಗಶಿರಾ ಮಳೆಗೆ ಮುಂಚೆ ಕೊಟ್ಟಿಗೆಗೆ ಸೇರಿಸುವ ಹಿರಿಯರ ಪದ್ಧತಿಯಲ್ಲಿ ತಿದ್ದಬೇಕಾದದ್ದೇನೂ ಇಲ್ಲ. ಒಣಗಿತೇ ಎಂದು ತಿಳಿಯಲು ಒಂದು ಸೀಳಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಆಯಿತು.

ಅಡಿಕೆ ಹಾಳೆ ಮತ್ತು ತೆಂಗಿನ ಸೋಗೆ ಹೊತ್ತಿಸಲು ಉತ್ತಮ, ಆದರೆ ಕೆಂಡ ನಿಲ್ಲುವುದಿಲ್ಲ. ಕರಟದ ಕೆಂಡ ಚೆನ್ನಾಗಿ ನಿಲ್ಲುತ್ತದೆ. ಕಾಯಿಸಿಪ್ಪೆ ನೀರು ಹೀರಿಕೊಂಡಿರುವುದರಿಂದ ಪೂರ್ತಿ ಒಣಗಿಸಿಯೇ ಹಾಕಬೇಕು. ಗೇರುಬೀಜದ ಸಿಪ್ಪೆ ಬೇಡ. ಅದರ ಎಣ್ಣೆಯ ಹೊಗೆ ಕಣ್ಣು, ಗಂಟಲನ್ನು ಸುಡುತ್ತದೆ. ಬಣ್ಣ ಬಳಿದ ಹಳೆಯ ಕಿಟಕಿ, ಪ್ಲೈವುಡ್, ಹಾಲಿನ ಪ್ಯಾಕೆಟ್ಟು ಇವುಗಳನ್ನು ಬಚ್ಚಲ ಒಲೆಗೆ ಎಸೆಯುವ ಚಾಳಿ ಎಲ್ಲ ಮನೆಗಳಲ್ಲೂ ಇದೆ, ನಮ್ಮಲ್ಲೂ ಇತ್ತು. ಅದನ್ನು ಬಿಡಬೇಕು.

ಹಂಡೆಯ ನೀರು ಮಣ್ಣು ಮೆತ್ತಿದ ಮಟ್ಟಕ್ಕಿಂತ ಮೇಲಿದೆಯೇ ಎಂದು ನೋಡದೆ ಬೆಂಕಿ ಹಾಕಬಾರದು. ಎರಡು ಮೂರು ಸೀಳುಗಳನ್ನಷ್ಟೇ ಒಮ್ಮೆಗೆ ಇಟ್ಟು, ಉರಿ ಹಿಡಿದ ಮೇಲೆ ಬಾಯಿಯ ಮುಚ್ಚಳವನ್ನು ಎರಡು ಬೆರಳಷ್ಟು ಸಂದು ಬಿಟ್ಟು ಮುಚ್ಚಿ. ಗಾಳಿ ಬೂದಿಗುಂಡಿಯ ಕಡೆಯಿಂದ ಬರಲಿ. ಕೊಳವೆಯ ತುದಿಯಲ್ಲಿ ಹೊಗೆ ಕಪ್ಪಾಗಿ ಕಂಡರೆ ಸೌದೆ ಹೆಚ್ಚಾಗಿದೆ, ಬೆಳ್ಳಗೆ ದಟ್ಟವಾಗಿದ್ದರೆ ಸೌದೆ ಹಸಿಯಿದೆ. ಕೆಂಡವಷ್ಟೇ ಉಳಿದಾಗ ತಡೆಯನ್ನು ತಿರುಗಿಸಿದರೆ ನೀರು ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. 60 ಡಿಗ್ರಿಯ ನೀರು ಐದೇ ಸೆಕೆಂಡಿನಲ್ಲಿ ಚರ್ಮ ಸುಡಬಲ್ಲದು. ಮಕ್ಕಳಿಗೆ ಮೀಯಿಸುವಾಗ ಬಾಲ್ದಿಗೆ ತಣ್ಣೀರನ್ನು ಮೊದಲು ಹಾಕಿ.

ಬೂದಿಯನ್ನು ತೆಂಗಿನ ಬುಡಕ್ಕೆ ಹಾಕುವ ಮೊದಲು ಒಂದು ದಿನ ತಗಡಿನ ಡಬ್ಬದಲ್ಲಿಡಿ, ಒಳಗೆ ಕೆಂಡ ಅಡಗಿರುತ್ತದೆ. ಕೊಳವೆಯ ಮಸಿ, ಇಲ್ಲಣವನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಉಳಿದಂತೆ ಮೂರು ತಿಂಗಳಿಗೊಮ್ಮೆ ತೆಗೆದರೆ ಸಾಕು. ವರ್ಷಕ್ಕೊಮ್ಮೆ ಮೇಲಂಚಿನ ಮಣ್ಣಿನ ಹುರಿಯನ್ನು ಒಡೆದು ಹಂಡೆಯನ್ನು ಎತ್ತಿ, ಹೊರಗಿನ ಮಸಿಯನ್ನೂ ಒಳಗಿನ ಕಿಟ್ಟವನ್ನೂ ಉಜ್ಜಬೇಕು. ಅದಕ್ಕೆ ದೀಪಾವಳಿಯ ನೀರು ತುಂಬುವ ಹಬ್ಬಕ್ಕಿಂತ ಒಂದು ವಾರ ಮೊದಲಿನ ದಿನ ಒಳ್ಳೆಯದು. ಹೇಗೂ ಹಂಡೆಯನ್ನು ತಿಕ್ಕಿ, ಶೇಡಿಮಣ್ಣು ಬಳಿದು, ಹಿಂಡ್ಲೆಕಾಯಿಯ ಬಳ್ಳಿ ಕಟ್ಟುವುದಿರುತ್ತದೆ, ಹೊಸದಾಗಿ ಮೆತ್ತಿದ ಮಣ್ಣಿಗೆ ಆರಲು ವಾರವೂ ಸಿಗುತ್ತದೆ.