ಟೆಂಟ್ ಹಾಕುವ ಮೊದಲು ತಾರಸಿ ಹತ್ತಿ

ಮಾಗಡಿ ಹತ್ತಿರದ ಒಂದು ಮಾವಿನ ತೋಪಿನಲ್ಲಿ ನಾನು ಬಗ್ಗಿ ಗೂಟ ಹೊಡೆಯುತ್ತಿದ್ದೆ. ತೋಟದ ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಹತ್ತು ನಿಮಿಷ ಸುಮ್ನೆ ನೋಡಿದರು. ಆಮೇಲೆ ಕೇಳಿದರು: "ಯಾಕವ್ವ, ಮನೇಲಿ ಮಂಚ ಇಲ್ವಾ?"

ಇದೆ. ಹಾಸಿಗೆಯೂ ಇದೆ, ಗೀಸರೂ ಇದೆ. ಬೆಂಗಳೂರಿನ ಹನುಮಂತನಗರದ ಬಾಡಿಗೆ ಮನೆಯಲ್ಲಿ ನಾವು ಮೂವರು: ನಾನು, ನಮ್ಮನೆಯವರು, ಪಿಯುಸಿ ಓದುವ ಮಗಳು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. 4 ವರ್ಷದಲ್ಲಿ 11 ರಾತ್ರಿ ಟೆಂಟಿನಲ್ಲಿ ಮಲಗಿದ್ದೇನೆ. ಅದರಲ್ಲಿ 3 ರಾತ್ರಿ ಕಣ್ಣು ಮುಚ್ಚಿಲ್ಲ. ಆ ಮೂರರ ಲೆಕ್ಕ ಇಲ್ಲಿ ಒಪ್ಪಿಸುತ್ತೇನೆ. ನಿಮ್ಮ ಮೂರು ರಾತ್ರಿಯಾದರೂ ಉಳಿಯಲಿ.

ಮೊದಲ ರಾತ್ರಿ ಮನೆಯ ಮೇಲೆಯೇ

ಟೆಂಟ್ ಬಾಡಿಗೆಗೆ ತನ್ನಿ, ಕೊಳ್ಳಬೇಡಿ. ತಂದ ದಿನವೇ ನಿಮ್ಮ ತಾರಸಿಯಲ್ಲಿ ಹಾಕಿ ಒಂದು ರಾತ್ರಿ ಮಲಗಿ. ಬೇರೆ ಯಾವ ಮಾತು ಮರೆತರೂ ಇದೊಂದನ್ನು ಮರೆಯಬೇಡಿ.

ತಾರಸಿಯಲ್ಲಿ ಗೂಟ ಇಳಿಯುವುದಿಲ್ಲ ನಿಜ. ನಾವು ಎರಡು ಹಗ್ಗವನ್ನು ತುಳಸಿ, ದಾಸವಾಳದ ಕುಂಡಗಳಿಗೆ, ಒಂದನ್ನು ಸಿಂಟೆಕ್ಸ್ ಕಟ್ಟೆಗೆ, ಇನ್ನೊಂದನ್ನು ಬಟ್ಟೆ ಒಣಹಾಕುವ ಕಂಬಿಗೆ ಕಟ್ಟಿದೆವು. ಟೆಂಟಿನ ಕಂಬಿಗಳನ್ನು ಜೋಡಿಸುವುದಕ್ಕೆ 50 ನಿಮಿಷ ಹಿಡಿಯಿತು. ಗಂಡ ಹೆಂಡತಿ ಮಧ್ಯೆ ಎಷ್ಟು ಮಾತು ಬಂದವೋ ಲೆಕ್ಕವಿಲ್ಲ. ಓನರ್ ಆಂಟಿ ಮೇಲೆ ಬಂದು, "ಏನಮ್ಮ ಇದು, ಮನೆ ಖಾಲಿ ಮಾಡಿ ಇಲ್ಲಿಗೇ ಬಂದ್ಬಿಟ್ರಾ?" ಅಂದರು. ಕತ್ತಲಲ್ಲಿ, ತೋಟದಲ್ಲಿ, ಹಸಿದ ಹೊಟ್ಟೆಯಲ್ಲಿ ಈ 50 ನಿಮಿಷವನ್ನು ಊಹಿಸಿಕೊಳ್ಳಿ. ಈಗ ನಮಗೆ 12 ನಿಮಿಷ ಸಾಕು.

ಹೆಚ್ಚು ಕಲಿಸಿದ್ದು ರಾತ್ರಿ. ಮೋಲ್ಡಿಂಗ್ ಹಗಲೆಲ್ಲ ಬಿಸಿಲು ಕುಡಿದಿತ್ತು. ಹತ್ತು ಗಂಟೆಗೆ ಬೆನ್ನ ಕೆಳಗೆ ಬೆಚ್ಚಗಿತ್ತು, ಸೆಕೆ ಅಂತ ಹೊದಿಕೆ ಒದ್ದೆವು. ನಾಲ್ಕು ಗಂಟೆಗೆ ಅದೇ ನೆಲ ತಣ್ಣಗೆ ಕೊರೆಯತೊಡಗಿತು. ಮೇಲೆ ಎರಡು ರಗ್ಗು ಹೊದ್ದರೂ ನಡುಕ ಹೋಗಲಿಲ್ಲ. ನಮ್ಮನೆಯವರು ಐದಕ್ಕೆ ಎದ್ದು ಮೆಟ್ಟಿಲಿಳಿದು ಮಂಚಕ್ಕೆ ಹೋದರು. ಅದಕ್ಕೇ ಹೇಳುವುದು, ಮೊದಲ ರಾತ್ರಿ ಮನೆ ಮೆಟ್ಟಿಲ ದೂರದಲ್ಲಿರಲಿ.

ಚಳಿ ಬರುವುದು ಕೆಳಗಿನಿಂದ. ಬೆಚ್ಚಗಿಡುವುದು ಬಟ್ಟೆಯಲ್ಲ, ಅದರೊಳಗೆ ಸಿಕ್ಕಿಕೊಂಡ ಗಾಳಿ. ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ನಮ್ಮ ಭಾರಕ್ಕೆ ಚಪ್ಪಟೆಯಾಗುತ್ತದೆ, ಗಾಳಿ ಉಳಿಯುವುದಿಲ್ಲ. ಹಾಗಾಗಿ ಎರಡು ಕಂಬಳಿ ಇದ್ದರೆ ಒಂದು ಅಡಿಗೆ ಹೋಗಲಿ. ನಾವು ಫ್ರಿಜ್ಜಿನ ರಟ್ಟಿನ ಡಬ್ಬ ಬಿಚ್ಚಿ ಹಾಸುತ್ತೇವೆ. ಅದರ ಮೇಲೆ ಯೋಗಾ ಮ್ಯಾಟ್, ಅದರ ಮೇಲೆ ಕಂಬಳಿ. ಬೆಂಗಳೂರಿನ ಚಳಿ ಏನು ಮಹಾ ಅಂತ ನಗುವವರಿಗೆ ಒಂದು ಮಾತು. ನಮ್ಮೂರಲ್ಲಿ 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದ ದಾಖಲೆ ಇದೆ. ಈಗ ಜನವರಿಯಲ್ಲಿ 15ರ ಆಸುಪಾಸು. ಆದರೆ ಊರ ಹೊರಗಿನ ಬಯಲಲ್ಲಿ ಅದಕ್ಕಿಂತ ಕಡಿಮೆ ಇರುತ್ತದೆ. ಒಣ ಕಾಲುಚೀಲ ಒಂದು ಜೊತೆ ಮಲಗುವುದಕ್ಕೆಂದೇ ಎತ್ತಿಡಿ. ಮಗಳು ಮಂಗನ ಟೋಪಿ ಹಾಕಲ್ಲ ಅಂತ ಹಟ ಮಾಡುತ್ತಿದ್ದಳು, ಈಗ ನನ್ನದನ್ನೂ ಕದಿಯುತ್ತಾಳೆ.

ಬೆಳಿಗ್ಗೆ ಟೆಂಟಿನ ಒಳಗೆ ನೀರು ತೊಟ್ಟಿಕ್ಕುತ್ತಿತ್ತು. ಮಳೆ ಬಂದಿರಲಿಲ್ಲ. ಅದು ನಮ್ಮದೇ ಉಸಿರು. ಚಳಿ ಅಂತ ಎಲ್ಲ ಕಿಂಡಿ ಮುಚ್ಚಿದ್ದೆವು. ಮೂರು ಜನರ ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿತ್ತು. ಎಷ್ಟೇ ಚಳಿ ಇರಲಿ, ಮೇಲಿನ ಕಿಂಡಿ ತೆರೆದಿರಲಿ. ಸೊಳ್ಳೆ ಪರದೆಯ ಜಿಪ್ ಮಾತ್ರ ಹಾಕಿ. ಬೆಚ್ಚಗಾಗಲಿ ಅಂತ ಕೆಂಡದ ಬಾಣಲೆಯನ್ನೋ ಗ್ಯಾಸ್ ಒಲೆಯನ್ನೋ ಒಳಗೆ ತರಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಟೆಂಟಿನ ಮೇಲೆ "ಮೂರು ಜನಕ್ಕೆ" ಅಂತ ಬರೆದಿದ್ದರೆ ಮೂರು ಜನ ಬೆಂಕಿಪೊಟ್ಟಣದ ಕಡ್ಡಿಯ ಹಾಗೆ ಮಲಗಬೇಕು ಅಂತ ಅರ್ಥ. ನಾಲ್ಕು ಜನರದ್ದು ತನ್ನಿ.

ಎಲ್ಲಿ, ಯಾವಾಗ

ಸಾವನದುರ್ಗ, ಮಾಕಳಿದುರ್ಗ, ಸ್ಕಂದಗಿರಿ ಅಂತ ಫೋಟೋ ನೋಡಿ ಟೆಂಟ್ ಹೊತ್ತು ಹೊರಡಬೇಡಿ. ಅವೆಲ್ಲ ಅರಣ್ಯ ಇಲಾಖೆಯ ಜಾಗ. ಸ್ಕಂದಗಿರಿ ಹತ್ತುವುದಕ್ಕೇ ಆನ್‌ಲೈನಿನಲ್ಲಿ ಮೊದಲೇ ಬುಕ್ ಮಾಡಬೇಕು. ಅನುಮತಿ ಇಲ್ಲದೆ ಕಾಡಿನಲ್ಲಿ ರಾತ್ರಿ ಉಳಿದರೆ ಕೇಸಾಗುತ್ತದೆ. ಸಾವನದುರ್ಗದ ಸುತ್ತ ಕರಡಿ, ಚಿರತೆ ಎರಡೂ ಇವೆ. ದೊಡ್ಡ ಬಂಡೆಗಳ ಸಂದಿಯಲ್ಲಿ ಹೆಜ್ಜೇನು ಇರುತ್ತದೆ. ಕೆಳಗೆ ಹೊಗೆ ಹಾಕಿದರೆ ಅವು ಕೆರಳುತ್ತವೆ.

ನಮ್ಮಂಥ ಮನೆಮಂದಿಗೆ ಒಳ್ಳೆಯದು ಯಾರದಾದರೂ ತೋಟ. ಮಾಗಡಿ, ಕನಕಪುರ, ದೊಡ್ಡಬಳ್ಳಾಪುರ, ಕೋಲಾರದ ಕಡೆ ನಂಟರೋ ಸ್ನೇಹಿತರ ನಂಟರೋ ಇದ್ದೇ ಇರುತ್ತಾರೆ, ಅಲ್ವಾ? ಕೇಳಿ. ಖಾಲಿ ಕೈಯಲ್ಲಿ ಹೋಗಬೇಡಿ, ಒಂದು ಕೆಜಿ ಸ್ವೀಟ್ ಒಯ್ಯಿರಿ. ದುಡ್ಡು ಕೊಟ್ಟು ಹೋಗುವ ಕ್ಯಾಂಪುಗಳೂ ಬೇಕಾದಷ್ಟಿವೆ. ನನ್ನ ನಿದ್ದೆಗೆಟ್ಟ ಇನ್ನೊಂದು ರಾತ್ರಿ ಅಂಥ ಒಂದು ಕಡೆ ಕಳೆದದ್ದು. "ಪ್ರಕೃತಿಯ ಮಡಿಲು" ಅಂತ ಜಾಹೀರಾತಿತ್ತು. ಮಡಿಲಲ್ಲಿ ರಾತ್ರಿ ಒಂದೂವರೆವರೆಗೆ ಡಿಜೆ ಹಾಕಿದ್ದರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ದ ಶಬ್ದಮಾಲಿನ್ಯ ನಿಯಮವೇ ಹೇಳುತ್ತದೆ. ನಿಯಮ ಹೇಳಿದ ನಮ್ಮನೆಯವರಿಗೆ ಅಲ್ಲಿನ ಹುಡುಗ ಒಂದು ಪ್ಲೇಟ್ ಪನೀರ್ ಕೊಟ್ಟು ಕಳಿಸಿದ. ಬುಕ್ ಮಾಡುವ ಮೊದಲು ಎರಡೇ ಪ್ರಶ್ನೆ ಕೇಳಿ: ರಾತ್ರಿ ಹಾಡು ಹಾಕುತ್ತೀರಾ? ಶೌಚಾಲಯ ಎಷ್ಟು?

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗು ಗಾಳಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೆಂಗಳೂರಿಗೆ ಜೋರು ಮಳೆ. ಇದು ಗೊತ್ತಿದ್ದೂ ನಾವು ದಸರಾ ರಜೆ ಅಂತ ಅಕ್ಟೋಬರಿನಲ್ಲಿ ಹೊರಟೆವು. ಅದೇ ಮೂರನೇ ರಾತ್ರಿ.

ತೋಟದಲ್ಲಿ ಎಲ್ಲ ಕಡೆ ಕಲ್ಲು. ಒಂದು ಕಡೆ ಮಾತ್ರ ನುಣ್ಣನೆ ಮರಳು ಮಣ್ಣು, ಹಾಸಿಗೆಯ ಹಾಗೆ. ಗೂಟ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಎಂಥಾ ಜಾಗ ಹುಡುಕಿದೆ ಅಂತ ನಾನು ಬೀಗಿದ್ದೂ ಆಯಿತು. ಹನ್ನೆರಡೂವರೆಗೆ ಮಳೆ ಹಿಡಿಯಿತು. ಒಂದು ಗಂಟೆಗೆ ನಮ್ಮ ಕೆಳಗೆ ಹಳ್ಳ ಹರಿಯುತ್ತಿತ್ತು. ಆ ಮಣ್ಣು ಅಲ್ಲಿ ಯಾಕೆ ಅಷ್ಟು ನುಣ್ಣಗಿತ್ತು? ಪ್ರತಿ ಮಳೆಯಲ್ಲೂ ನೀರೇ ಅದನ್ನು ತಂದು ಸುರಿಯುತ್ತಿತ್ತು. ಗಣಿತದ ಮೇಷ್ಟ್ರಿಗೆ ಇಳಿಜಾರು ಕಾಣಲಿಲ್ಲ ಅಂತ ಮಗಳು ಇವತ್ತಿಗೂ ಆಡಿಕೊಳ್ಳುತ್ತಾಳೆ. ಬೆಳಗಾಗುವವರೆಗೆ ಮೂವರೂ ಕಾರಿನಲ್ಲಿ ಕೂತಿದ್ದೆವು. ಒದ್ದೆ ಕಾಲುಚೀಲದ ವಾಸನೆ ಸಂಕ್ರಾಂತಿವರೆಗೂ ಕಾರಿನಲ್ಲಿತ್ತು.

ಹಾಗಾಗಿ ಗೂಟ ಹೊಡೆಯುವ ಮೊದಲು ನಿಂತು ನೋಡಿ. ನೀರು ಎಲ್ಲಿಂದ ಬಂದು ಎಲ್ಲಿ ಹೋಗಬಹುದು? ಸ್ವಲ್ಪ ಎತ್ತರದ ಜಾಗ ಹಿಡಿಯಿರಿ. ಕೆಳಗೆ ಟಾರ್ಪಾಲು ಹಾಸುವಾಗ ಅದರ ಅಂಚು ಟೆಂಟಿನಿಂದ ಹೊರಗೆ ಚಾಚಬಾರದು. ಚಾಚಿದರೆ ಮಳೆ ನೀರನ್ನು ಅದೇ ಹಿಡಿದು ಒಳಕ್ಕೆ ಕೊಡುತ್ತದೆ. ತಲೆ ಎತ್ತಿ ಮರವನ್ನೂ ನೋಡಿ, ಒಣಗಿದ ಕೊಂಬೆ ಇರಬಾರದು. ಹತ್ತಿರ ಹುತ್ತ, ಕಲ್ಲುಗುಡ್ಡೆ, ಸೌದೆ ರಾಶಿ ಬೇಡ.

ಹುತ್ತ ಅಂದ ಕೂಡಲೇ ಹಾವಿನ ಭಯ. ಭಯಕ್ಕಿಂತ ಜಿಪ್ ಮುಖ್ಯ. ಕಟ್ಟುಹಾವು ರಾತ್ರಿ ಓಡಾಡುತ್ತದೆ. ನೆಲದ ಮೇಲೆ ಮಲಗಿದವರಿಗೆ ಅದು ಕಚ್ಚಿದರೆ ನೋವೇ ಗೊತ್ತಾಗದಿರಬಹುದು. ಸಂಜೆಯಿಂದಲೇ ಜಿಪ್ ಪೂರ್ತಿ ಎಳೆದಿಡಿ, ಶೂ ಕೊಡವಿ ಹಾಕಿ, ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ. ಹಾವು ಕಚ್ಚಿತೋ, ಹಗ್ಗ ಬಿಗಿಯುವುದು, ಬ್ಲೇಡಿನಲ್ಲಿ ಕೊಯ್ಯುವುದು ಬೇಡ. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಿ. ಹೊರಡುವ ಮೊದಲೇ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು ಅಂತ ನೋಡಿಕೊಂಡಿರಿ. ಕೆರೆ, ಡ್ಯಾಮ್ ನೀರಿಗೆ ಇಳಿಯಲೇಬೇಡಿ. ಮಂಚನಬೆಲೆಯಲ್ಲಿ ಮುಳುಗಿದವರ ಸುದ್ದಿ ಎಷ್ಟು ಸಲ ಓದಿಲ್ಲ ನಾವು?

ಯಾರೂ ಹೇಳದ ವಿಷಯ

ಗಂಡಸರು ಬರೆದ ಕ್ಯಾಂಪಿಂಗ್ ಲೇಖನಗಳಲ್ಲಿ ಚಾಕು, ಬೆಂಕಿ, ನಕ್ಷತ್ರ ಎಲ್ಲ ಇರುತ್ತದೆ. ಬೆಳಿಗ್ಗೆ ಆರಕ್ಕೆ ಎಲ್ಲಿ ಹೋಗಬೇಕು ಅನ್ನುವುದು ಇರುವುದಿಲ್ಲ. ಕುಂಡದ ಮಣ್ಣು ಕೆದಕುವ ಪುಟ್ಟ ಕರಣೆ ಒಯ್ಯಿರಿ. ಬಾವಿ, ಕೆರೆ, ಹಳ್ಳದಿಂದ 60 ಮೀಟರ್ ದೂರ ಹೋಗಿ ಒಂದು ಗೇಣು ಆಳ ತೋಡಿ, ಆಮೇಲೆ ಮಣ್ಣು ಮುಚ್ಚಿ. ಜಾಗವನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ. ಹಳೇ ಸೀರೆ ಒಂದಿದ್ದರೆ ಎರಡು ಮರದ ಮಧ್ಯೆ ಕಟ್ಟಿ ಮರೆ ಮಾಡಬಹುದು. ಪ್ಯಾಡ್‌ಗಳನ್ನು ಅಲ್ಲಿ ಹೂಳಬೇಡಿ, ಸುಡಬೇಡಿ. ಪೇಪರಿನಲ್ಲಿ ಸುತ್ತಿ ಗಟ್ಟಿ ಕವರಿನಲ್ಲಿ ಮನೆಗೆ ವಾಪಸ್ ತನ್ನಿ. ಬಾತ್‌ರೂಮಿಗೆ ಏಳಬೇಕಾಗುತ್ತದೆ ಅಂತ ಸಂಜೆಯಿಂದ ನೀರು ಕುಡಿಯದೆ ಇರುವ ಹೆಂಗಸರನ್ನು ನೋಡಿದ್ದೇನೆ. ನಾನೂ ಹಾಗೇ ಮಾಡುತ್ತಿದ್ದೆ, ಮಾರನೇ ದಿನ ತಲೆನೋವು ಗ್ಯಾರಂಟಿ. ಕುಡಿಯಿರಿ. ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಎರಡೂ ಕೈ ಖಾಲಿ ಇರುತ್ತದೆ. ಮಗಳನ್ನು ಎಬ್ಬಿಸಿ ಜೊತೆಗೆ ಕರೆದುಕೊಂಡು ಹೋಗಿ. ಗೊಣಗುತ್ತಾಳೆ, ಬರುತ್ತಾಳೆ.

ನೀರು ಒಬ್ಬರಿಗೆ ದಿನಕ್ಕೆ 4ರಿಂದ 5 ಲೀಟರ್ ಲೆಕ್ಕ ಹಾಕಿ. ಊಟದ ವಿಷಯದಲ್ಲಿ ಶೌರ್ಯ ಬೇಡ. ರವೆಯನ್ನು ಮನೆಯಲ್ಲೇ ಒಗ್ಗರಣೆ ಹಾಕಿ ಹುರಿದುಕೊಂಡರೆ ಅಲ್ಲಿ ಕುದಿಯುವ ನೀರು ಸಾಕು, ಉಪ್ಪಿಟ್ಟು ಆಗುತ್ತದೆ. ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ ಇರಲಿ. ರಾತ್ರಿ ಉಳಿದ ತಿಂಡಿಯನ್ನು ಟೆಂಟಿನ ಹತ್ತಿರ ಬಿಡಬೇಡಿ, ನಾಯಿ ಹಂದಿ ಬರುತ್ತವೆ. ಕಾಫಿಗೆ ಮಾತ್ರ ನಾನು ರಾಜಿ ಆಗುವುದಿಲ್ಲ. ಹಿಂದಿನ ದಿನ ಗಟ್ಟಿ ಡಿಕಾಕ್ಷನ್ ಇಳಿಸಿ ಸ್ಟೀಲ್ ಬಾಟಲಿಗೆ ತುಂಬುತ್ತೇನೆ. ಹಾಲಿಗೆ ಫ್ರಿಜ್ ಬೇಡದ ನಂದಿನಿ ಗುಡ್‌ಲೈಫ್ ಪ್ಯಾಕ್.

ಬೆಳಿಗ್ಗೆ ಐದು

ಇಷ್ಟೆಲ್ಲ ಕಷ್ಟ ಯಾಕೆ? ಅಜ್ಜಿಯ ಪ್ರಶ್ನೆ ಹಾಗೇ ಉಳಿದಿದೆ ನೋಡಿ.

ಅಜ್ಜಿಯ ತೋಪಿಗೆ ನಾವು ಹೋಗಿದ್ದು ಜನವರಿಯ ಅಮಾವಾಸ್ಯೆಯ ರಾತ್ರಿ. ಅತ್ತೆ ಫೋನಿನಲ್ಲಿ ಬೈದರು, ಅಮಾವಾಸ್ಯೆ ದಿನ ಬಯಲಲ್ಲಿ ಯಾರಾದರೂ ಮಲಗುತ್ತಾರಾ ಅಂತ. ಆದರೆ ನಕ್ಷತ್ರ ನೋಡಬೇಕೆಂದರೆ ಅದೇ ದಿನ ಹೋಗಬೇಕು. ನಮ್ಮ ತಾರಸಿಯಿಂದ ಮಗಳು ಕೃತ್ತಿಕೆಯ ಗೊಂಚಲಿನಲ್ಲಿ ನಾಲ್ಕು ಚುಕ್ಕಿ ಎಣಿಸಿದ್ದಳು. ಮಾಗಡಿಯಲ್ಲಿ ಏಳು. ಪೂರ್ವಕ್ಕೆ ಬೆಂಗಳೂರಿನ ಬೆಳಕು ಕಿತ್ತಳೆ ಬಣ್ಣಕ್ಕೆ ಮಂಕಾಗಿ ಹರಡಿತ್ತು, ಯಾರದೋ ಮನೆ ಹೊತ್ತಿಕೊಂಡ ಹಾಗೆ. ಡಿಸೆಂಬರ್ 13, 14ರ ಹೊತ್ತಿಗೆ ಹೋದರೆ ಉಲ್ಕೆಗಳನ್ನೂ ನೋಡಬಹುದು. ಜೆಮಿನಿಡ್ಸ್ ಅಂತಾರೆ.

ಬೆಳಿಗ್ಗೆ ಐದಕ್ಕೆ ಎದ್ದೆ. ಮೈಯೆಲ್ಲ ನೋವು. ಹಾಲಕ್ಕಿ ಕೂಗು ನಿಂತು ಗೌಜಲಕ್ಕಿ ಶುರುವಾಗಿತ್ತು. ಟೆಂಟಿನ ಮೇಲುಹೊದಿಕೆ ಮಂಜಿಗೆ ತೊಯ್ದು ತೊಟ್ಟಿಕ್ಕುತ್ತಿತ್ತು. ಪಕ್ಕದ ಹೊಲದಲ್ಲಿ ಅವರೆ ಗಿಡ, ಅದರ ಸೊಗಡು ಗಾಳಿಯಲ್ಲಿ ದಟ್ಟವಾಗಿತ್ತು. ಈ ಮಂಜು ಬೀಳದಿದ್ದರೆ ಕಾಯಿಗೆ ಸೊಗಡೇ ಬರಲ್ಲ ಅಂತ ಅಜ್ಜಿ ಅಂದರು. ರಾತ್ರಿಯೆಲ್ಲ ನಾನು ಶಪಿಸಿದ್ದು ಆ ಮಂಜನ್ನೇ. ಡಿಕಾಕ್ಷನ್ ಬಿಸಿ ಮಾಡಿ ಅವರಿಗೂ ಒಂದು ಲೋಟ ಕೊಟ್ಟೆ. "ಸಕ್ಕರೆ ಸಾಲ್ದು" ಅಂದರು. ಮಧ್ಯಾಹ್ನಕ್ಕೆ ನಮ್ಮ ಉಪ್ಪಿಟ್ಟಿನ ಡಬ್ಬ ಹಾಗೇ ಉಳಿಯಿತು, ಅವರ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು.

ಹೊರಡುವಾಗ ಎರಡು ಕೆಲಸ ಇವೆ. ಕಸವೆಲ್ಲ ಚೀಲಕ್ಕೆ, ಚೀಲ ಕಾರಿಗೆ. ಬೆಂಕಿ ಹಾಕಿದ್ದರೆ ಬೂದಿಗೆ ಕೈ ಇಟ್ಟರೆ ತಣ್ಣಗಿರುವಷ್ಟು ನೀರು ಸುರಿಯಿರಿ. ಮನೆಗೆ ಬಂದ ಮೇಲೆ, ಎಷ್ಟೇ ಸುಸ್ತಾಗಿದ್ದರೂ, ಟೆಂಟನ್ನು ತಾರಸಿಯಲ್ಲಿ ಬಿಡಿಸಿ ಒಣಗಿಸಿ. ಒದ್ದೆಯಲ್ಲೇ ಮಡಿಸಿಟ್ಟರೆ ಕರಿ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಹೋಗುವುದಿಲ್ಲ.

ಒಣಗಿದ ಮೇಲೆ ಗೂಟ ಎಣಿಸಿ. ನಮ್ಮದರಲ್ಲಿ 14 ಇರಬೇಕಿತ್ತು, 12 ಇದ್ದವು. ಬಾಡಿಗೆ ಅಂಗಡಿಯವನು ಎರಡಕ್ಕೂ ದುಡ್ಡು ಹಿಡಿದುಕೊಂಡ. ಆಮೇಲೆ ತೋಟದಿಂದ ಫೋನ್ ಬಂತು. ಒಂದು ಸಿಕ್ಕಿದೆಯಂತೆ. ಅಜ್ಜಿ ಅದಕ್ಕೆ ಆಡಿನ ಮರಿ ಕಟ್ಟಿದ್ದಾರಂತೆ.